ಅಕ್ಕಿಯಲ್ಲಿ ಬರೆದ ಹೆಸರು

ಯಾರನ್ನೇ ಭೇಟಿಯಾಗಲಿ, ನಾನು ಮೊದಲು ನೋಡುವುದು ಅವರ ಕಾಲು. ಇದೇನು ಒಳ್ಳೆಯ ಅಭ್ಯಾಸವಲ್ಲ. ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಕೂತರೆ ಬಸ್ಸಿನ ಬೋರ್ಡಿಗಿಂತ ಹೆಚ್ಚಾಗಿ ಇಳಿಯುವವರ ಹೆಜ್ಜೆಯ ಕಡೆಗೇ ನನ್ನ ಕಣ್ಣು. ಎರಡು ಪಾದಗಳ ನಡುವೆ ಎಷ್ಟು ಅಂತರ ಬಿಡುತ್ತಾರೆ, ತಿರುಗುವಾಗ ಗೋಡೆಗೆ ಕೈ ಹೋಗುತ್ತದೆಯೇ, ಮೆಟ್ಟಿಲಿಳಿಯುವಾಗ ಕಣ್ಣು ನೆಲ ಬಿಟ್ಟು ಏಳುತ್ತದೆಯೇ. ನಿವೃತ್ತಿಯಾದರೂ ಚಟ ಬಿಟ್ಟಿಲ್ಲ. "ಪೊಲೀಸರಂಗ ನೋಡಬ್ಯಾಡ, ಮಂದಿ ಏನ ತಿಳ್ಕೊಂಡಾರು" ಎಂದು ನಮ್ಮ ಯಜಮಾನರು ಮೊಣಕೈಯಿಂದ ತಿವಿಯುತ್ತಾರೆ.

ನಮ್ಮ ಕ್ಷೇತ್ರಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಯಾವ ಯಂತ್ರ ಒಳ್ಳೆಯದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಅದರಲ್ಲಿ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಅವರಿಗೆ ಹೇಳಬಹುದಾದದ್ದು ನನ್ನ ಬಳಿ ಬೇರೆಯದೇ ಇದೆ. ಅದರಲ್ಲಿ ಮುಖ್ಯವಾದದ್ದು ನಾನು ಮಾಡಿದ ಒಂದು ತಪ್ಪು. ಬಡ್ತಿ, ಶಾಲು, ಹಾರಗಳ ಮಾತು ಪಕ್ಕಕ್ಕಿರಲಿ. ಅವು ಎಲ್ಲರಿಗೂ ಸಿಗುತ್ತವೆ.

ನಾನು ಹುಟ್ಟಿದ್ದು ಕಬ್ಬೂರಿನಲ್ಲಿ, ಕೊಟ್ಟದ್ದು ರಾಯಬಾಗಕ್ಕೆ, ಕೆಲಸ ಮಾಡಿದ್ದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ. ನರಗಳು ಸವೆಯುವ, ಮನೆತನದಲ್ಲಿ ಹರಿದುಬರುವ ರೋಗಗಳನ್ನು ಅಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಈ ಕಡೆಯ ಮಾತು ಬಲ್ಲವಳೆಂದು ಅಥಣಿ, ಕಾಗವಾಡ, ನಿಪ್ಪಾಣಿ ಕಡೆಯ ತಿರುಗಾಟವೆಲ್ಲ ನನ್ನ ಪಾಲಿಗೆ ಬಂತು. ನನ್ನ ಪಾಲಿನ ರೋಗವನ್ನು ಸರಳವಾಗಿ ಹೇಳುವುದಾದರೆ, ನಡಿಗೆಯ ಹದ ಕಾಯುವ ಚಿಕ್ಕ ಮಿದುಳು ಮೆಲ್ಲಗೆ ಸವೆಯುತ್ತ ಹೋಗುತ್ತದೆ. ಮೂವತ್ತೈದು, ನಲವತ್ತರ ತನಕ ಮನುಷ್ಯ ಗಟ್ಟಿಮುಟ್ಟಾಗಿ ಕಬ್ಬು ಕಡಿಯುತ್ತಾನೆ, ಲಗ್ನವಾಗುತ್ತಾನೆ, ಮಕ್ಕಳಾಗುತ್ತವೆ. ಆಮೇಲೆ ಹೆಜ್ಜೆ ತಪ್ಪುತ್ತದೆ, ನಾಲಿಗೆ ತೊದಲುತ್ತದೆ, ಕೈಯಲ್ಲಿನ ಚಹಾ ಚೆಲ್ಲುತ್ತದೆ. ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಔಷಧ ಆಗಲೂ ಇರಲಿಲ್ಲ, ಇದನ್ನು ಬರೆಯುವ ಹೊತ್ತಿಗೂ ಇಲ್ಲ.

ಮೊದಲ ವರ್ಷಗಳಲ್ಲಿ ರಕ್ತದ ನಳಿಕೆಗಳನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ ಒಯ್ಯುತ್ತಿದ್ದೆ. ಅಥಣಿ ಕಡೆಯಿಂದ ಕುಡಚಿ ಸ್ಟೇಷನ್ ಮುಟ್ಟುವಷ್ಟರಲ್ಲಿ ಐಸು ನೀರಾಗಿರುತ್ತಿತ್ತು. ಸ್ಟೇಷನ್ ಎದುರಿನ ಸೋಡಾ ಅಂಗಡಿಯ ಚಾಚಾ ತಮ್ಮ ಪೆಟ್ಟಿಗೆಯ ಐಸನ್ನು ಒಡೆದು ಕೊಡುತ್ತಿದ್ದರು. ಮೊದಲ ಸಲ ಅವರಿಗೆ ಗುಮಾನಿ.

"ಏನೈತಿ ಬೇಟಿ ಅದರಾಗ? ಕುಲ್ಫಿ ಏನ?"

"ರಕ್ತ ಐತ್ರಿ ಚಾಚಾ."

ಅವರು ಎರಡು ಹೆಜ್ಜೆ ಹಿಂದೆ ಸರಿದರು, ಆದರೆ ಕುತೂಹಲ ಬಿಡಲಿಲ್ಲ. "ರಕ್ತದಾಗ ಏನ ಹುಡುಕ್ತೀರಿ?"

ಪುಸ್ತಕದ ಭಾಷೆಯಲ್ಲಿ ಏನೇನೋ ಹೇಳಹೋಗಿ ಎಡವಿದೆ. ಅವರ ಕೈಯಲ್ಲಿ ತಸ್ಬಿ ಇತ್ತು, ಜಪದ ಮಣಿಸರ. ಅದನ್ನೇ ತೋರಿಸಿ ಹೇಳಿದೆ: "ಇದರಾಗ ಮಣಿ ಎಷ್ಟ ಇರಬೇಕೊ ಅಷ್ಟ ಇರಬೇಕಲ್ಲರಿ? ನಮ್ಮ ಮೈಯಾಗೂ ಒಂದ ಇಂಥಾ ಸರ ಐತಿ. ಕೆಲವರ ಸರದಾಗ ಒಂದ ನಮೂನಿ ಮಣಿ ಹೆಚ್ಚ ಬಿದ್ದಿರತಾವ. ಅಪ್ಪನಿಂದ ಮಗಗ ಹೋಗೂದ್ರಾಗ ಇನ್ನೂ ನಾಕ ಹೆಚ್ಚ ಆಗತಾವ."

ಚಾಚಾ ತಮ್ಮ ತಸ್ಬಿಯನ್ನು ಒಂದು ಸುತ್ತು ಎಣಿಸಿದರು. ಎಣಿಕೆ ಸರಿಯಿದ್ದಿರಬೇಕು, ನೆಮ್ಮದಿಯಿಂದ ತಲೆದೂಗಿ ಕೇಳಿದರು: "ಆ ಹೆಚ್ಚಿನ ಮಣಿ ಯಾರ ಪೋಣಿಸಿದ್ರು?"

ನಿಜ ಹೇಳಬೇಕೆಂದರೆ ನನ್ನ ಇಡೀ ವೃತ್ತಿ ಅದೊಂದೇ ಪ್ರಶ್ನೆಯ ಬೆನ್ನು ಹತ್ತಿ ಮುಗಿಯಿತು. ನಕಲಾಗುವಾಗ ಆ ಸರ ಜಾರಿ ಮಡಚಿಕೊಳ್ಳುತ್ತದೆ ಎಂಬಷ್ಟು ತಿಳಿದಿದೆ. ಒಬ್ಬರಲ್ಲಿ ಯಾಕೆ ಜಾರುತ್ತದೆ, ಅವರ ತಂಗಿಯಲ್ಲಿ ಯಾಕೆ ಜಾರುವುದಿಲ್ಲ ಎಂಬುದು ಪೂರ್ತಿ ತಿಳಿದಿಲ್ಲ. ಮಣಿಸರದ ಹೋಲಿಕೆಯನ್ನು ಮಾತ್ರ ಆವತ್ತಿನಿಂದ ಪ್ರತಿ ಮನೆಯಲ್ಲೂ ಬಳಸಿದೆ.

ಆಗ ಒಂದು ಸರದ ಉದ್ದ ಅಳೆಯಲು ವಾರಗಟ್ಟಲೆ ಬೇಕಾಗುತ್ತಿತ್ತು. ವಿಕಿರಣಶೀಲ ವಸ್ತು ಬೆರೆಸಿದ ಮಾದರಿಯನ್ನು ಜೆಲ್‌ನಲ್ಲಿ ಓಡಿಸಿ, ಎಕ್ಸ್‌ರೇ ಫಿಲ್ಮಿಗೆ ಅಂಟಿಸಿ, ಫ್ರೀಜರಿನಲ್ಲಿಟ್ಟು ಕಾಯಬೇಕು. ಫಿಲ್ಮು ತೊಳೆದರೆ ಕಪ್ಪು ಗೆರೆಗಳು, ಅವನ್ನು ಸ್ಕೇಲು ಹಿಡಿದು ಅಳೆಯಬೇಕು. ಒಮ್ಮೆ ಫಿಲ್ಮನ್ನು ತಿರುವುಮುರುವಾಗಿ ಹಿಡಿದು ಗಂಡನ ಗೆರೆಯನ್ನು ಹೆಂಡತಿಗೆ ಬರೆದಿದ್ದೆ. ಅದು ಪ್ರಯೋಗಾಲಯದಲ್ಲೇ ಸಿಕ್ಕಿಬಿತ್ತು. ಈಗ ಯಂತ್ರ ಅದೇ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತದೆ, ತಿರುವುಮುರುವಾಗಿ ಹಿಡಿಯಲು ಕೈಯೇ ಇಲ್ಲ.

ನಮ್ಮ ಮುಖ್ಯಸ್ಥರು ಮೈಸೂರು ಕಡೆಯವರು, ಮೆಲುಮಾತಿನವರು, ಆದರೆ ಕಾಗದದ ವಿಷಯದಲ್ಲಿ ಯಮ. ಒಂದು ಮನೆತನದಲ್ಲಿ ಯಾರಿಗೆ ಯಾರು ಹುಟ್ಟಿದರು, ಯಾರಿಗೆ ರೋಗವಿತ್ತು ಎಂಬುದನ್ನು ಚೌಕ, ವೃತ್ತಗಳಲ್ಲಿ ಬರೆಯುತ್ತೇವೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡಿದ್ದರೆ ಮೇಲೊಂದು ಓರೆಗೆರೆ. ಅವರು ಹೇಳುತ್ತಿದ್ದರು: "ನಕ್ಷೆಯನ್ನ ಪೆನ್ಸಿಲ್‌ನಲ್ಲೇ ಇಟ್ಕೊಳ್ಳಿ. ಇಂಕ್ ಹಾಕಿದ್ರೆ ಆಮೇಲೆ ಪ್ರಶ್ನೆ ಕೇಳೋಕೆ ಮನಸ್ಸು ಬರಲ್ಲ." ನನಗೆ ಅಂದವಾದ ನಕ್ಷೆಯ ಹುಚ್ಚು. ಕಪ್ಪು ಇಂಕಿನಲ್ಲಿ, ಸ್ಟೆನ್ಸಿಲ್ ಇಟ್ಟು ತಿದ್ದಿ ತೀಡುತ್ತಿದ್ದೆ.

ನನ್ನ ತಪ್ಪಿನ ಕಥೆ ಇರುವುದು ಅಥಣಿ ತಾಲ್ಲೂಕಿನ ಅನಂತಪುರದ ಕಡೆಯ ಒಂದು ತೋಟದ ಮನೆಯಲ್ಲಿ. ಇಲ್ಲಿನ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ಒಕ್ಕಲು ಮನೆತನ. ರೋಗಿ ಭರಮಪ್ಪ, ನಲವತ್ತೆರಡರವನು. ಜೀವನದಲ್ಲಿ ಒಂದು ತೊಟ್ಟು ಕುಡಿದವನಲ್ಲ, ಆದರೆ ಓಲಾಡುತ್ತ ಬರುವವನನ್ನು ಕಂಡು ಕಂಡಕ್ಟರು ಬಸ್ಸು ಹತ್ತಗೊಡಲಿಲ್ಲವಂತೆ. ಅವನ ಹೆಂಡತಿ ಅದೇ ಕಂಡಕ್ಟರನ ಮುಂದೆ ಗಂಡನ ಬಾಯಿ ತೆರೆಸಿ, "ಮೂಸಿ ನೋಡ, ವಾಸನಿ ಬರತೈತೇನ?" ಎಂದು ಕೇಳಿದ್ದಳು. ಅದನ್ನು ಹೇಳುವಾಗ ಭರಮಪ್ಪ ನಕ್ಕ, ಅವಳು ನಗಲಿಲ್ಲ.

ಆ ಮನೆಯ ನಕ್ಷೆ ಬರೆಯಲು ನನಗೆ ನೆರವಾದವರು ಇಬ್ಬರು. ಒಬ್ಬರು ನಿಪ್ಪಾಣಿಯಲ್ಲಿದ್ದ ಗಂಗವ್ವ, ಭರಮಪ್ಪನ ಸೋದರತ್ತೆ. ಅವರ ನೆನಪು ಗ್ರಾಮದ ದಫ್ತರಕ್ಕಿಂತ ಗಟ್ಟಿ. ಭರಮಪ್ಪನ ತಂದೆಗೂ, ಅವನ ಅಕ್ಕ ತಂಗೆವ್ವನಿಗೂ ರೋಗವಿತ್ತೆಂದು ಅವರೇ ಹೇಳಿದರು. ತಂಗೆವ್ವನನ್ನು ರಾಯಬಾಗದ ಕಡೆ ಕೊಟ್ಟಿದ್ದರು. "ಆಕಿಗೆ ಒಬ್ಬಾಕೆ ಮಗಳ್ರಿ, ಚಂಪಿ. ಪಾಪ, ವಯಸ್ಸಿನಾಗ ಹ್ವಾದ್ಲು" ಎಂದರು. ನಾನು ಒಂದು ವೃತ್ತ ಬರೆದು, ಚಂಪವ್ವ ಎಂದು ಹೆಸರಿಟ್ಟು, ಓರೆಗೆರೆ ಎಳೆದೆ. ಸಣ್ಣ ವಯಸ್ಸಿನಲ್ಲಿ ಹೋದವಳಿಗೆ ಮಕ್ಕಳಿದ್ದವೇ ಎಂದು ಕೇಳಲಿಲ್ಲ.

ಇನ್ನೊಬ್ಬರು ಭರಮಪ್ಪನ ಅಣ್ಣ ದುಂಡಪ್ಪ. ಅರವತ್ತು ದಾಟಿದ್ದರೂ ನೆಟ್ಟಗೆ ನಡೆಯುತ್ತಿದ್ದ ಮಿತಭಾಷಿ. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಇಲ್ಲ. ಹೆಂಡತಿಯ ಹೆಸರು ಸುಶೀಲಾ ಎಂದರು, ರಾಯಬಾಗದ ಕಡೆಯವಳು ಎಂದರು, ಮಗಳು ನಾಲ್ಕು ವರ್ಷದವಳಿದ್ದಾಗ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡಳು ಎಂದರು. ಇನ್ನೊಂದು ವೃತ್ತ, ಇನ್ನೊಂದು ಓರೆಗೆರೆ. ಫಾರಂನಲ್ಲಿ 'ಸಂಬಂಧದಲ್ಲಿ ಮದುವೆಯೇ?' ಎಂಬ ಸಾಲು ಇತ್ತು. ಇಬ್ಬರೂ ಹೆತ್ತವರಿಂದ ದೋಷ ಬಂದರೆ ಮಾತ್ರ ತಲೆಯೆತ್ತುವ ರೋಗಗಳಿಗೆ ಆ ಪ್ರಶ್ನೆ ಮುಖ್ಯ. ನಮ್ಮದು ಒಬ್ಬರಿಂದ ಬಂದರೂ ಸಾಲುವ ರೋಗ, ಇದಕ್ಕೇಕೆ ಅದು ಎಂದು ಜಾಣತನ ಮಾಡಿ ಖಾಲಿ ಬಿಟ್ಟೆ. ದುಂಡಪ್ಪನವರ ರಕ್ತ ಪರೀಕ್ಷಿಸಿದಾಗ ಸರ ಸರಿಯಾಗಿತ್ತು. ನಕ್ಷೆಗೆ ಇಂಕು ಹಾಕಿದೆ.

ಅವರ ಮಗಳೇ ಸವಿತಾ. ಇಪ್ಪತ್ತೆರಡರ ಹುಡುಗಿ, ಕಾಗವಾಡದ ಒಂದು ಮನೆಯಿಂದ ಸಂಬಂಧ ಬಂದಿತ್ತು. ಕಾಕಾ ಭರಮಪ್ಪನ ನಡಿಗೆ ನೋಡಿ ಗಂಡಿನವರು ಹಿಂದೆಮುಂದೆ ನೋಡುತ್ತಿದ್ದರು. ಆ ಮನೆಯವರಿಗೆ ನಾನು 'ಬಾಯಾರ', ಅಂದರೆ ಮೇಡಂ. ಅವಳು ಪಡಸಾಲೆಯಲ್ಲಿ ನನ್ನೆದುರು ಬಂದು ನಿಂತು ಕೇಳಿದಳು: "ನಂಗೂ ಬರತೈತೇನ್ರಿ ಬಾಯಾರ?"

ನಾನು ನಕ್ಷೆ ಬಿಡಿಸಿದೆ. ಬೆರಳಿಟ್ಟು ತೋರಿಸಿದೆ. ನಿಮ್ಮ ತಂದೆಯ ಸರ ಸರಿಯಿದೆ, ತಾಯಿ ಹೊರಗಿನವರು, ಹಾಗಾಗಿ ನಿನಗೆ ಬರುವ ದಾರಿಯೇ ಇಲ್ಲ, ಸೂಜಿ ಚುಚ್ಚಿಸಿಕೊಳ್ಳುವ ಅಗತ್ಯವೂ ಇಲ್ಲ ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಆಮೇಲೆ ಸುಮ್ಮನಾದಳು. ನಾಚಿಕೆ ಇರಬೇಕು ಅಂದುಕೊಂಡೆ. ಲಗ್ನವಾಯಿತು. ನನಗೆ ಸೀರೆ ಉಡಿಸಿದರು, ಸಂತೋಷದಿಂದ ಉಟ್ಟುಕೊಂಡೆ.

ಇಷ್ಟು ಓದಿದವರಿಗೆ ಆಗಲೇ ಸಂಶಯ ಬಂದಿರಬಹುದು. ನನಗೆ ಅದು ಬರಲು ಹದಿನೆಂಟು ವರ್ಷ ಬೇಕಾಯಿತು.

ನಿವೃತ್ತಿಗೆ ಇನ್ನೊಂದು ವರ್ಷವಿದ್ದಾಗ ಗಂಗವ್ವನ ಮೊಮ್ಮಗನ ಲಗ್ನಕ್ಕೆ ನಿಪ್ಪಾಣಿಗೆ ಹೋಗಿದ್ದೆ. ನಮ್ಮ ಗಡಿಭಾಗದ ಅನೇಕ ಮನೆಗಳಲ್ಲಿ ಲಗ್ನದ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇದೆ. ತಾಟಿನಲ್ಲಿ ಅಕ್ಕಿ ಹರವುತ್ತಾರೆ, ಮದುಮಗ ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ, ಎಲ್ಲರೂ ಬಗ್ಗಿ ಓದುತ್ತಾರೆ, ಪೇಢೆ ಹಂಚುತ್ತಾರೆ. ಆವತ್ತಿನ ಹುಡುಗ ಕಾಲೇಜಿನಲ್ಲಿ ಪಾಠ ಹೇಳುವ ಹೆಂಡತಿಯ ಹೆಸರು ಬದಲಿಸಲು ಮನಸ್ಸಿಲ್ಲದೆ ಹಳೆಯದನ್ನೇ ಬರೆದುಬಿಟ್ಟ. ಗುಸುಗುಸು ಎದ್ದಿತು. ನನ್ನ ಪಕ್ಕದಲ್ಲಿ ಕೂತಿದ್ದ ಗಂಗವ್ವ, ಆಗಲೇ ತೊಂಬತ್ತರ ಹತ್ತಿರ, ಬೊಚ್ಚುಬಾಯಿ ಬಿಟ್ಟು ನಕ್ಕರು.

"ನಮ್ಮ ದುಂಡಪ್ಪಗೂ ಹಿಂಗ ಆಗಿತ್ತ ನೋಡ್ರಿ. ಎತ್ತಿ ಆಡಿಸಿದ ಹುಡಿಗಿ, ಅಕ್ಕನ ಮಗಳು. ಹೊಸಾ ಹೆಸರ ಬರಿಯಂದ್ರ ಕೈನ ಏಳವೊಲ್ಲದು. ನಾನ ಬಯ್ದೆ. ಆಮ್ಯಾಲ ಸುಶೀಲಾ ಅಂತ ಬರದ. ಬರದ ಏನ ಬಂತು, ಮನ್ಯಾಗ ಚಂಪಿ ಅಂತನ ಕರೀತಿದ್ದ."

ಕೈಯಲ್ಲಿದ್ದ ಪೇಢೆ ಹಾಗೇ ಉಳಿಯಿತು. ಕಣ್ಣ ಮುಂದೆ ನನ್ನ ಇಂಕಿನ ನಕ್ಷೆ ಬಂತು. ಒಂದು ಮೂಲೆಯಲ್ಲಿ ಚಂಪವ್ವ, ರೋಗವಿದ್ದ ತಂಗೆವ್ವನ ಮಗಳು, ರಾಯಬಾಗ. ಇನ್ನೊಂದು ಮೂಲೆಯಲ್ಲಿ ಸುಶೀಲಾ, ದುಂಡಪ್ಪನ ಹೆಂಡತಿ, ರಾಯಬಾಗ. ಎರಡು ವೃತ್ತ, ಎರಡು ಓರೆಗೆರೆ, ಒಬ್ಬಳೇ ಹೆಂಗಸು. ಸೋದರಮಾವನನ್ನೇ ಮದುವೆಯಾದವಳು. ರೋಗ ತಲೆಯೆತ್ತುವ ವಯಸ್ಸಿಗೆ ಮೊದಲೇ ಹಾವು ಕಚ್ಚಿದ್ದರಿಂದ ಅವಳಲ್ಲಿ ಅದಿತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಸವಿತಾಳಿಗೆ ಅಪಾಯ ತಂದೆಯ ಕಡೆಯಿಂದಲ್ಲ, ತಾಯಿಯ ಕಡೆಯಿಂದ. ದಾರಿಯೇ ಇಲ್ಲ ಎಂದು ನಾನು ಬೆರಳಿಟ್ಟು ಹೇಳಿದ್ದ ಜಾಗದಲ್ಲೇ ದಾರಿ ಇತ್ತು.

ಆ ಮನೆಯಲ್ಲಿ ಅದು ಗುಟ್ಟಾಗಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಹೇಳಲಿಲ್ಲ. ಇನ್ನೂ ನಾಚಿಕೆಯ ಮಾತೆಂದರೆ, ನನಗೂ ಎರಡು ಹೆಸರಿವೆ. ಪ್ರಬಂಧಗಳ ಮೇಲೆ ಕಸ್ತೂರಿ, ಅದು ತವರಿನದು. ರಾಯಬಾಗದಲ್ಲಿ ಅತ್ತೆಯ ಮನೆಯವರಿಗೆ ನಾನು ಸುನಂದಾ. ನನ್ನ ಹೆಸರನ್ನೂ ಒಬ್ಬರು ಅಕ್ಕಿಯಲ್ಲಿ ಬರೆದಿದ್ದರು. ಬೆಂಗಳೂರಿನಿಂದ ಬಂದ ಪರಸ್ಥಳದವರು ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು. ಊರ ಕಡೆಯವಳೆಂದೇ ನನ್ನನ್ನು ಕಳಿಸಿದ್ದರು, ನಾನು ಎಲ್ಲ ಗೊತ್ತಿದೆ ಎಂಬ ಭರವಸೆಯಲ್ಲಿ ಏನನ್ನೂ ಕೇಳದೆ ಬಂದಿದ್ದೆ.

ಮುಖ್ಯಸ್ಥರು ಆ ಹೊತ್ತಿಗೆ ನಿವೃತ್ತರು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಬೈಯೋದೆಲ್ಲ ನೀವೇ ಬೈದುಕೊಂಡಿದ್ದೀರಿ. ಈಗ ಹೋಗಿ ಹೇಳಿ. ಕಾಗದದಲ್ಲಿ ಬೇಡ, ಎದುರಿಗೆ ಕೂತು ಹೇಳಿ" ಎಂದರು.

ಕಾಗವಾಡಕ್ಕೆ ಹೋದೆ. ಸವಿತಾ ಒಣದ್ರಾಕ್ಷಿ ಶೆಡ್ಡಿನಲ್ಲಿ ಹತ್ತು ಹೆಂಗಸರ ನಡುವೆ ನಿಂತು ಕಾಳು ಆರಿಸುವ ಕೆಲಸ ನೋಡುತ್ತಿದ್ದಳು. ವಯಸ್ಸು ನಲವತ್ತಾಗಿತ್ತು. ಒಬ್ಬಳೇ ಮಗಳು, ಹದಿನಾರರವಳು, ಕಾಲೇಜಿಗೆ ಹೋಗಿದ್ದಳು. ಹಲಗೆಗಳ ಸಾಲಿನ ನಡುವೆ ಅವಳು ನನ್ನತ್ತ ನಡೆದು ಬರುವಾಗ ನಾನು ಏನು ನೋಡಿದೆ ಎಂದು ಹೇಳಬೇಕಿಲ್ಲ. ಹೆಜ್ಜೆ ಸರಿಯಾಗಿಯೇ ಇತ್ತು. ತಿರುವಿನಲ್ಲಿ ಒಮ್ಮೆ ಹಲಗೆಗೆ ಕೈ ತಾಗಿತು. ಎಲ್ಲರೂ ತಾಗಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೇಳಿದೆ. ಮುಗಿದ ಮೇಲೆ ಅವಳ ಮೊದಲ ಮಾತು ಇದು: "ಅವತ್ತ ನಾ ಹೇಳಬೇಕಂತ ಮಾಡಿದ್ದೆರಿ. ನಮ್ಮವ್ವ ಹೊರಗಿನಾಕಿ ಅಲ್ಲ, ಅಪ್ಪನ ಅಕ್ಕನ ಮಗಳಂತ. ನೀವು ಕಾಗದಾನ ನೋಡಾಕತ್ತಿದ್ರಿ. ಇಷ್ಟ ಕಲ್ತಾರ, ಅವರಿಗೆ ಗೊತ್ತಿಲ್ದ ಇರತೈತೇನ ಅಂತ ಸುಮ್ಮನಾದೆ."

ನಾನು ಅತ್ತೆ. ಅತ್ತದ್ದರಿಂದ ಅವಳಿಗೇನೂ ಉಪಯೋಗವಿಲ್ಲ ಎಂದು ಗೊತ್ತಿದ್ದೂ ಅತ್ತೆ. ತಿಳಿದುಕೊಳ್ಳದೇ ಇರುವ ಹಕ್ಕೂ ನಿನಗಿದೆ, ಅವಸರ ಮಾಡಬೇಡ, ಮಗಳು ಇನ್ನೂ ಚಿಕ್ಕವಳು, ಈ ಪರೀಕ್ಷೆಯನ್ನು ಮಕ್ಕಳಿಗೆ ಮಾಡುವುದಿಲ್ಲ, ದೊಡ್ಡವಳಾದ ಮೇಲೆ ಅವಳಿಗೆ ಬೇಕೆನಿಸಿದರೆ ಮಾತ್ರ ಎಂದು ವಿವರಿಸಿದೆ. ಸವಿತಾ ನಾಲ್ಕು ತಿಂಗಳು ಯೋಚಿಸಿದಳು. ಗಂಡನ ಜೊತೆ ಬಂದು ನಮ್ಮ ಸಲಹೆಗಾರರೊಡನೆ ಎರಡು ಸಲ ಮಾತಾಡಿದಳು. ಆಮೇಲೆ ತಾನಾಗಿಯೇ ತೋಳು ಚಾಚಿದಳು.

ಫಲಿತಾಂಶ ಬಂದಾಗ ಹೇಳುವ ಕೆಲಸ ಸಲಹೆಗಾರರದು, ಆದರೆ ನೀವೇ ಮನೆಗೆ ಬಂದು ಹೇಳಬೇಕು ಎಂದು ಅವಳು ಹಟ ಹಿಡಿದಿದ್ದಳು. ಅವಳೂ ಗಂಡನೂ ಜೋಡಿಯಾಗಿ ಕೂತರು. ನಾನು ಸುತ್ತಿಬಳಸಲಿಲ್ಲ. ನಿನಗೂ ಬಂದಿದೆ ಎಂದೆ.

ಗಂಡ ಎದ್ದು ಅಂಗಳಕ್ಕೆ ಹೋದ. ಸವಿತಾ ಸೆರಗಿನ ಅಂಚು ಮಡಚಿದಳು. ಆಮೇಲೆ ಕೇಳಿದಳು: "ಎಷ್ಟ ಮಣಿ ಹೆಚ್ಚ ಅದಾವ್ರಿ?"

ಹೇಳಿದೆ. ಭರಮಪ್ಪನಿಗಿಂತ ಒಂದೆರಡು ಕಡಿಮೆ, ಹಾಗಾಗಿ ಸ್ವಲ್ಪ ತಡವಾಗಿ ಕಾಣಿಸಬಹುದು, ಅದನ್ನೂ ಖಾತ್ರಿಯಾಗಿ ಹೇಳಲಾರೆ ಎಂದೆ.

"ಖಾತ್ರಿ ಮಾತ ಬ್ಯಾಡ ಬಿಡ್ರಿ, ಒಮ್ಮೆ ಹೇಳೀರಿ" ಎಂದಳು. ಅದರಲ್ಲಿ ಚುಚ್ಚುವ ದನಿಯಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಗೋಡೆಯ ಮೇಲೆ ಮಗಳ ಫೋಟೊ ಇತ್ತು, ಓಟದ ಸ್ಪರ್ಧೆಯಲ್ಲಿ ಗೆದ್ದ ಕಪ್ಪು ಹಿಡಿದದ್ದು. ಅದರ ಕಡೆ ನೋಡುತ್ತ ಹೇಳಿದಳು: "ನಿಮ್ಮ ಮ್ಯಾಲ ಸಿಟ್ಟ ಬರತೈತ್ರಿ. ಇಲ್ಲಂದ್ರ ಸುಳ್ಳಾಗತೈತಿ. ಆದ್ರ ಅವತ್ತ ನೀವು ಖರೇ ಹೇಳಿದ್ರ ಈ ಲಗ್ನ ಆಗ್ತಿರಲಿಲ್ಲ. ಇಕಿ ಹುಟ್ತಿರಲಿಲ್ಲ. ಸಂಜೀಕ ಇಕಿ ಬಂದ ಎದುರಿಗೆ ನಿಂತ್ಲಂದ್ರ, ಆ ಸಿಟ್ಟ ಎಲ್ಲಿ ಇಡಬೇಕೊ ತಿಳ್ಯಾಂಗಿಲ್ಲ ನನಗ."

ನನಗೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವಳ ಮಾತಿನಲ್ಲಿ ಕ್ಷಮೆಯಿತ್ತು ಎಂದು ನಾನು ಯಾರಿಗೂ ಹೇಳುವುದಿಲ್ಲ. ತಪ್ಪಿನಿಂದ ಒಳ್ಳೆಯದಾಯಿತು ಎಂದು ಬರೆಯಲು ಈ ಕೈ ಏಳುವುದಿಲ್ಲ, ಯಾಕೆಂದರೆ ಫೋಟೊದಲ್ಲಿದ್ದ ಹುಡುಗಿಗೂ ಅರ್ಧಕ್ಕರ್ಧ ಅಪಾಯ.

ಅವಳು ನನ್ನಿಂದ ನಕ್ಷೆ ಕೇಳಿದಳು. ಈ ಸಲ ಪೆನ್ಸಿಲಿನಲ್ಲಿ ಹೊಸದಾಗಿ ಬರೆದುಕೊಂಡು ಹೋಗಿದ್ದೆ. ಎರಡು ವೃತ್ತಗಳ ಬದಲು ಒಂದು, ಪಕ್ಕದಲ್ಲಿ ಎರಡು ಹೆಸರು: ಚಂಪವ್ವ, ಸುಶೀಲಾ. ಸವಿತಾ ಅದರ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಅವಳ ಬಳಿ ತಾಯಿಯ ಫೋಟೊ ಕೂಡ ಇಲ್ಲ ಎಂದು ನನಗೆ ಆಗ ಗೊತ್ತಾಯಿತು.

ನಮ್ಮ ಕೆಲಸಕ್ಕೆ ಬರುವ ಹುಡುಗ ಹುಡುಗಿಯರೇ, ಒಂದು ಮನೆಗೆ ಹೋದಾಗ ಪ್ರತಿ ಹೆಣ್ಣುಮಗಳ ತವರಿನ ಹೆಸರು ಕೇಳಿ. ಸತ್ತವರದ್ದೂ ಕೇಳಿ. ಫಾರಂನಲ್ಲಿ ಬೇಡವೆನಿಸಿದ ಸಾಲನ್ನು ತುಂಬಿಯೇ ಎದ್ದು ಬನ್ನಿ. ಇಷ್ಟನ್ನು ಯಾರು ಬೇಕಾದರೂ ಕಲಿಸಬಹುದು. ಇದಕ್ಕಿಂತ ದೊಡ್ಡ ಪಾಠ ಅವತ್ತು ನಾನು ಹೊರಡುವ ಹೊತ್ತಿಗೆ ಸಿಕ್ಕಿತು.

ಚಹಾ ಕುಡಿಯದೆ ಹೋಗಬಾರದು ಎಂದು ಸವಿತಾ ಒಳಗೆ ಹೋದಳು. ಎರಡು ಕಪ್ಪು ಹಿಡಿದು ಹೊಸ್ತಿಲು ದಾಟಿ ಬರುತ್ತಿದ್ದಳು. ನನ್ನ ಕಣ್ಣು ತಾನಾಗಿಯೇ ಕೆಳಗಿಳಿಯಿತು: ಪಾದ, ಪಾದಗಳ ನಡುವಿನ ಅಂತರ, ಹೊಸ್ತಿಲಿನಲ್ಲಿ ಎತ್ತಿದ ಕಾಲು. ಹೆಜ್ಜೆ ಅಲ್ಲೇ ನಿಂತಿತು.

"ಬಾಯಾರ" ಎಂದಳು. "ಅವತ್ತ ಕಾಗದಾ ನೋಡಿದ್ರಿ. ಇವತ್ತ ಕಾಲ ನೋಡಾಕತ್ತೀರಿ. ಒಮ್ಮೆ ನನ್ನ ಮಾರಿ ನೋಡ್ರಿ."

ತಲೆಯೆತ್ತಿ ಅವಳ ಮುಖ ನೋಡಿದೆ. ಹದಿನೆಂಟು ವರ್ಷದ ಪರಿಚಯದಲ್ಲಿ ಅದೇ ಮೊದಲ ಸಲ.